ಏಳು ತಲೆಮಾರು ಕಾಯ್ದ ನೆನಪು

ಪ್ರತಿ ದಿವ್ಯ ಬಲಿಪೂಜೆಯೂ ಒಂದು ಸ್ಮರಣೆ. ಕಡೆಯ ಭೋಜನದ ರಾತ್ರಿ ಪ್ರಭು ಯೇಸು ರೊಟ್ಟಿಯನ್ನೂ ಪಾತ್ರೆಯನ್ನೂ ಶಿಷ್ಯರಿಗೆ ಕೊಟ್ಟು, ತಮ್ಮ ಸ್ಮರಣೆಗಾಗಿ ಅದನ್ನೇ ಮಾಡುತ್ತಾ ಬರುವಂತೆ ಆಜ್ಞಾಪಿಸಿದರು. ತಮ್ಮನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಹೇಳಿ ಸುಮ್ಮನಾಗಲಿಲ್ಲ. ಮಾಡಲು ಒಂದು ಕಾರ್ಯವನ್ನು ಒಪ್ಪಿಸಿದರು. ಮನುಷ್ಯನ ಮನಸ್ಸು ಮರೆಯುತ್ತದೆ ಎಂಬುದನ್ನು ಅವರು ಬಲ್ಲರು. ಮಾಡುವ ಕೈಗಳು ಇದ್ದಲ್ಲಿ ಮಾತ್ರ ನೆನಪು ಉಳಿಯುತ್ತದೆ.

ನವೆಂಬರ್ 2ರಂದು ನಾವು ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಅಜ್ಜ ಅಜ್ಜಿಯರ ಸಮಾಧಿ ಯಾವುದೆಂದು ಮಕ್ಕಳಿಗೆ ತೋರಿಸುತ್ತೇವೆ. ಆದರೆ ಅಜ್ಜನ ತಂದೆಯ ಹೆಸರನ್ನು ಮಗು ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತೇವೆ. ಮೂರು ನಾಲ್ಕು ತಲೆಮಾರಿಗೇ ನೆನಪು ಮಸುಕಾಗುತ್ತದೆ. ಹಾಗಿರುವಾಗ, ಗುರುಗಳಿಲ್ಲದೆ, ದೇವಾಲಯವಿಲ್ಲದೆ, ಬಲಿಪೂಜೆಯಿಲ್ಲದೆ ಏಳು ತಲೆಮಾರುಗಳ ಕಾಲ ಒಂದು ವಿಶ್ವಾಸವನ್ನು ನೆನಪಿನಲ್ಲೇ ಕಾಯ್ದುಕೊಂಡ ಜನರಿದ್ದರು ಎಂದರೆ ನಂಬುವುದು ಕಷ್ಟ. ಅವರು ಜಪಾನಿನ ನಾಗಸಾಕಿ ಸೀಮೆಯ ಬಡ ರೈತರು ಮತ್ತು ಮೀನುಗಾರರು.

ಜಪಾನಿಗೆ ಶುಭಸಂದೇಶ ತಲುಪಿದ್ದು ನಮ್ಮ ನೆರೆಯ ಗೋವೆಯ ಮೂಲಕ. ಗೋವೆಯಿಂದ ಹೊರಟ ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದಂದೇ, ಕಾಗೋಶಿಮಾದಲ್ಲಿ ಕಾಲಿಟ್ಟರು. ಮುಂದಿನ ದಶಕಗಳಲ್ಲಿ ಲಕ್ಷಾಂತರ ಜನ ದೀಕ್ಷಾಸ್ನಾನ ಪಡೆದರು. ಆದರೆ ಆಳುವವರ ಮನಸ್ಸು ಬದಲಾಯಿತು. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ಒಬ್ಬರು ಮುಂಬಯಿಯ ಬಳಿಯ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ.

1614ರಲ್ಲಿ ತೊಕುಗಾವಾ ಆಡಳಿತವು ಇಡೀ ದೇಶದಲ್ಲಿ ಕ್ರೈಸ್ತ ಧರ್ಮವನ್ನು ನಿಷೇಧಿಸಿತು. ಗುರುಗಳನ್ನು ಹಿಡಿದುಕೊಟ್ಟವರಿಗೆ ಬೆಳ್ಳಿಯ ಬಹುಮಾನವೆಂದು ಊರೂರಿನಲ್ಲಿ ಫಲಕ ನಿಲ್ಲಿಸಿದರು. ಪ್ರತಿ ಕುಟುಂಬವೂ ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕಾಯಿತು. ದೇಶದಲ್ಲಿ ಉಳಿದಿದ್ದ ಕಡೆಯ ಗುರು ಮಾನ್ಸಿಯೊ ಕೊನಿಶಿ 1644ರಲ್ಲಿ ರಕ್ತಸಾಕ್ಷಿಯಾದರು. ಅಂದಿನಿಂದ ಪಾಪನಿವೇದನೆ ಕೇಳುವವರಿಲ್ಲ, ಪರಮಪ್ರಸಾದ ಕೊಡುವವರಿಲ್ಲ.

ಪ್ರಿಯರೇ, ಇಂಥ ಸ್ಥಿತಿಯಲ್ಲಿ ಆ ಜನ ಏನು ಮಾಡಿದರು? ನೆನಪನ್ನು ಪ್ರತಿಯೊಬ್ಬರ ಮನಸ್ಸಿಗೆ ಬಿಟ್ಟು ಕೈಕಟ್ಟಿ ಕೂರಲಿಲ್ಲ. ಅದನ್ನು ಕೆಲಸವಾಗಿ ಹಂಚಿಕೊಂಡರು. ನಾಗಸಾಕಿಯ ಹೊರವಲಯದ ಉರಾಕಾಮಿ ಗ್ರಾಮದಲ್ಲಿ ಮೂರು ಬಗೆಯ ಸೇವಕರಿದ್ದರು. ಮೊದಲನೆಯವನು 'ಚೋಕಾತಾ', ಅಂದರೆ ಪಂಚಾಂಗ ಕಾಯುವವನು. ಕ್ರಿಸ್ತಜಯಂತಿ ಎಂದು, ತಪಸ್ಸುಕಾಲ ಎಂದು ಆರಂಭ, ಪಾಸ್ಕ ಯಾವ ದಿನ ಎಂದು ಲೆಕ್ಕ ಹಾಕಿ ತಿಳಿಸುವುದು, ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸುವುದು ಅವನ ಹೊಣೆ. ಎರಡನೆಯವನು 'ಮಿಜುಕಾತಾ', ಮಕ್ಕಳಿಗೆ ದೀಕ್ಷಾಸ್ನಾನದ ನೀರು ಹಾಕುವವನು. ಮೂರನೆಯವನು 'ಕಿಕಿಯಾಕು', ಚೋಕಾತಾ ತಿಳಿಸಿದ್ದನ್ನು ಮನೆಮನೆಗೆ ಗುಟ್ಟಾಗಿ ಮುಟ್ಟಿಸುವವನು. ಲತೀನಿನ ಪ್ರಾರ್ಥನೆಗಳನ್ನು 'ಒರಾಶೊ' ಎಂದು ಕರೆದು ಪಿಸುದನಿಯಲ್ಲಿ ಹೇಳಿಕೊಂಡರು. ಪದಗಳು ಸವೆದು ಹೋದರೂ ಬಿಡಲಿಲ್ಲ. ಬೌದ್ಧರ ಕರುಣಾಮೂರ್ತಿಯಾದ ಕಾನ್ನೋನ್ ವಿಗ್ರಹದ ಮುಂದೆ ಕುಳಿತು ಮಾತೆ ಮರಿಯಮ್ಮನವರನ್ನು ಕಂಡರು. ಬಾಸ್ತಿಯನ್ ಎಂಬ ಉಪದೇಶಿ, ಏಳು ತಲೆಮಾರು ಕಳೆದ ಮೇಲೆ ದೊಡ್ಡ ಕಪ್ಪು ಹಡಗುಗಳಲ್ಲಿ ಗುರುಗಳು ಬರುತ್ತಾರೆ ಎಂದು ಹೇಳಿದ್ದನೆಂಬ ಮಾತು ತಂದೆಯಿಂದ ಮಗನಿಗೆ ದಾಟುತ್ತಾ ಬಂತು.

ಅವರ ನೆನಪಿನಲ್ಲಿ ನೋವೂ ಇತ್ತು, ನಾಚಿಕೆಯೂ ಇತ್ತು. ನಾಗಸಾಕಿಯಲ್ಲಿ ಪ್ರತಿ ವರ್ಷ ಹೊಸವರ್ಷದ ದಿನಗಳಲ್ಲಿ ಅಧಿಕಾರಿಗಳ ಎದುರಿಗೆ ಪ್ರಭುವಿನ ಅಥವಾ ಮಾತೆಯವರ ಚಿತ್ರವನ್ನು ಕಾಲಿನಿಂದ ತುಳಿಯಬೇಕಿತ್ತು. ಇದಕ್ಕೆ 'ಫುಮಿಎ' ಎಂದು ಹೆಸರು. ಒಪ್ಪದವರಿಗೆ ಸೆರೆ, ಹಿಂಸೆ, ಸಾವು. ಮಕ್ಕಳನ್ನು ಸೊಂಟದಲ್ಲಿ ಹೊತ್ತ ತಾಯಂದಿರು ಕೂಡ ತುಳಿದರು. ತುಳಿದು ಮನೆಗೆ ಬಂದು, ಬಾಗಿಲು ಮುಚ್ಚಿ, 'ಕೊಂಚಿರಿಸಾನ್' ಎಂಬ ಪ್ರಾರ್ಥನೆ ಹೇಳಿಕೊಂಡರು. ಪಾಪನಿವೇದನೆ ಕೇಳಲು ಗುರುಗಳು ಇಲ್ಲದಿರುವಾಗ ಪೂರ್ಣ ಪಶ್ಚಾತ್ತಾಪದಿಂದ ದೇವರ ಕ್ಷಮೆಯನ್ನು ಬೇಡುವ ಪ್ರಾರ್ಥನೆ ಅದು. ನಾವು ಬಿದ್ದದ್ದನ್ನು ಮರೆತುಬಿಡುವುದು ಸುಲಭ. ಬಿದ್ದೆವೆಂದು ನಿರಾಶರಾಗುವುದೂ ಸುಲಭ. ಅವರು ಎರಡನ್ನೂ ಮಾಡಲಿಲ್ಲ. ತಮ್ಮ ಬೀಳುವಿಕೆಯನ್ನು ನೆನೆದರು, ಅದರ ಜೊತೆಗೆ ದೇವರ ದಯೆಯನ್ನೂ ನೆನೆದರು.

ಕಾಲ ಸರಿಯಿತು. ಜಪಾನ್ ತನ್ನ ಬಂದರುಗಳನ್ನು ವಿದೇಶಿಯರಿಗೆ ತೆರೆಯಿತು. ವಿದೇಶಿ ವರ್ತಕರಿಗಾಗಿ ನಾಗಸಾಕಿಯ ಓವುರಾ ಎಂಬಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ದೇವಾಲಯ 1865ರ ಫೆಬ್ರವರಿಯಲ್ಲಿ ಪ್ರತಿಷ್ಠೆಯಾಯಿತು. ಮಾರ್ಚ್ 17ರ ಮಧ್ಯಾಹ್ನ ಹತ್ತು ಹದಿನೈದು ಮಂದಿ ಹಳ್ಳಿಗರು ಬಾಗಿಲಲ್ಲಿ ನಿಂತಿದ್ದರು. ಫಾದರ್ ಬರ್ನಾರ್ಡ್ ಪೆತಿಜಾನ್ ಅವರನ್ನು ಒಳಗೆ ಕರೆದು, ತಾವು ಪೀಠದ ಮುಂದೆ ಮೊಣಕಾಲೂರಿದರು. ಆಗ ಒಬ್ಬ ಮಹಿಳೆ ಹತ್ತಿರ ಬಂದು, ನಮ್ಮೆಲ್ಲರ ಹೃದಯವೂ ನಿಮ್ಮದರಂತೆಯೇ ಇದೆ ಎಂದು ಮೆಲ್ಲನೆ ತಿಳಿಸಿದಳು. ಸಾಂತಾ ಮರಿಯಾ ಅವರ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಬಾಲಯೇಸುವನ್ನು ಎತ್ತಿಕೊಂಡ ಮಾತೆಯ ಪ್ರತಿಮೆಯನ್ನು ಕಂಡು ಅವರೆಲ್ಲ ಆನಂದಪಟ್ಟರು. ಈಗ ನಾವು ದುಃಖದ ಕಾಲವನ್ನು ಆಚರಿಸುತ್ತಿದ್ದೇವೆ, ನೀವೂ ಆಚರಿಸುತ್ತೀರಾ ಎಂದು ವಿಚಾರಿಸಿದರು.

ಆ ವರ್ಷ ಪಾಸ್ಕ ಹಬ್ಬ ಬಂದದ್ದು ಏಪ್ರಿಲ್ 16ಕ್ಕೆ. ಮಾರ್ಚ್ 17 ನಿಜವಾಗಿಯೂ ತಪಸ್ಸುಕಾಲದ ದಿನವೇ! ಕಡೆಯ ಗುರು ಸತ್ತು 221 ವರ್ಷಗಳಾಗಿದ್ದವು. ಆದರೂ ರೋಮಿನಲ್ಲಿ ಆಚರಿಸುತ್ತಿದ್ದ ತಪಸ್ಸುಕಾಲವನ್ನೇ ಆ ರೈತರೂ ಆಚರಿಸುತ್ತಿದ್ದರು. ಪಂಚಾಂಗ ಕಾಯುವವನು ತನ್ನ ಕೆಲಸವನ್ನು ತಪ್ಪದೆ ಮಾಡಿದ್ದ.

ಸಂತೋಷದ ಹಿಂದೆಯೇ ಸಂಕಟ ಬಂತು. ನಿಷೇಧ ಇನ್ನೂ ಜಾರಿಯಲ್ಲಿತ್ತು. ಬಹಿರಂಗವಾಗಿ ಕ್ರೈಸ್ತರೆಂದು ಹೇಳಿಕೊಂಡ ಉರಾಕಾಮಿಯ ಸುಮಾರು 3,400 ಮಂದಿಯನ್ನು 1868ರಿಂದ ದೂರದೂರದ ಪ್ರಾಂತಗಳಿಗೆ ಗಡಿಪಾರು ಮಾಡಿದರು. ಹಸಿವು, ಚಳಿ, ಹಿಂಸೆಗಳಿಂದ 600ಕ್ಕೂ ಹೆಚ್ಚು ಜನ ಸತ್ತರು. 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದಾಗ ಉಳಿದವರು ಊರಿಗೆ ಮರಳಿದರು. ಆ ಗಡಿಪಾರನ್ನು ಅವರು 'ಪ್ರಯಾಣ' ಎಂದು ಕರೆದರು.

ಮರಳಿ ಬಂದವರು ಏನು ಮಾಡಿದರು ನೋಡಿ. ಯಾವ ಗ್ರಾಮಮುಖ್ಯಸ್ಥನ ಮನೆಯ ಅಂಗಳದಲ್ಲಿ ತಮ್ಮ ಹಿರಿಯರು ಪವಿತ್ರ ಚಿತ್ರವನ್ನು ತುಳಿಯಬೇಕಾಗಿತ್ತೋ ಅದೇ ಜಾಗವನ್ನು ಕೊಂಡುಕೊಂಡರು. 1895ರಲ್ಲಿ ಅಲ್ಲಿ ದೇವಾಲಯದ ಕೆಲಸ ಆರಂಭಿಸಿದರು. ಬಡವರ ಕಾಣಿಕೆಯಿಂದ, ಅವರದೇ ದುಡಿಮೆಯಿಂದ ಅದು ಮುಗಿದದ್ದು 1914ರಲ್ಲಿ. ಗಂಟೆಗಳ ಗೋಪುರಗಳೆರಡು 1925ರಲ್ಲಿ. ಅವಮಾನದ ನೆಲವನ್ನು ಅವರು ಶಾಪದ ನೆಲವಾಗಿ ಬಿಡಲಿಲ್ಲ, ಆರಾಧನೆಯ ನೆಲವಾಗಿಸಿದರು. ನೆನಪಿನ ನಿಜವಾದ ಶಕ್ತಿ ಇರುವುದು ಇಲ್ಲಿ. ಕಹಿ ನೆನಪು ಸೇಡನ್ನೂ ಬೆಳೆಸಬಲ್ಲದು, ಪ್ರಾರ್ಥನೆಯನ್ನೂ ಬೆಳೆಸಬಲ್ಲದು. ಯಾವುದಕ್ಕೆ ನೀರೆರೆಯಬೇಕೆಂಬುದು ನೆನೆಯುವವರಿಗೆ ಬಿಟ್ಟದ್ದು.

ಇನ್ನೂ ದೊಡ್ಡ ಪರೀಕ್ಷೆ ಕಾದಿತ್ತು. 1945ರ ಆಗಸ್ಟ್ 9ರಂದು ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ನಾಗಸಾಕಿಯ ಮೇಲೆ ಅಣುಬಾಂಬು ಸಿಡಿಯಿತು. ಸಿಡಿದ ಸ್ಥಳಕ್ಕೂ ಉರಾಕಾಮಿ ದೇವಾಲಯಕ್ಕೂ ಅಂತರ ಸುಮಾರು 500 ಮೀಟರ್. ಮಾತೆಯ ಸ್ವರ್ಗಾರೋಹಣದ ಹಬ್ಬಕ್ಕೆ ಸಿದ್ಧರಾಗಲು ಪಾಪನಿವೇದನೆಗೆ ಬಂದಿದ್ದವರೂ ಅದನ್ನು ಕೇಳುತ್ತಿದ್ದ ಗುರುಗಳೂ ಅಲ್ಲೇ ಸತ್ತರು. ಧರ್ಮಕೇಂದ್ರದ ಸುಮಾರು 12,000 ವಿಶ್ವಾಸಿಗಳಲ್ಲಿ ಸುಮಾರು 8,500 ಮಂದಿ ಇಲ್ಲವಾದರು.

ಸತ್ತವರಲ್ಲಿ ಮಿದೋರಿ ಎಂಬ ಗೃಹಿಣಿಯೂ ಒಬ್ಬಳು. ಆಕೆ ಹುಟ್ಟಿದ್ದು ತಲೆಮಾರುಗಳಿಂದ ಚೋಕಾತಾ ಸೇವೆ ಮಾಡಿದ ಮನೆತನದಲ್ಲಿ. ಆ ಮನೆಯಲ್ಲಿ ಬಾಡಿಗೆಗೆ ಬಂದು ನಿಂತ ತಕಾಶಿ ನಾಗಾಯಿ ಎಂಬ ಯುವ ವೈದ್ಯರು ಆ ಕುಟುಂಬದ ಪ್ರಾರ್ಥನೆಯನ್ನು ಕಂಡು ವಿಶ್ವಾಸಕ್ಕೆ ಹತ್ತಿರವಾದರು. 1934ರಲ್ಲಿ ದೀಕ್ಷಾಸ್ನಾನ ಪಡೆದು ಮಿದೋರಿಯನ್ನು ವಿವಾಹವಾದರು. ಬಾಂಬು ಬಿದ್ದ ಮೇಲೆ ಗಾಯಗೊಂಡಿದ್ದರೂ ರೋಗಿಗಳ ಆರೈಕೆಯಲ್ಲಿ ನಿರತರಾಗಿದ್ದ ಅವರು ಮನೆಯ ಜಾಗಕ್ಕೆ ಬಂದಾಗ ಸಿಕ್ಕಿದ್ದು ಹೆಂಡತಿಯ ಸುಟ್ಟ ಎಲುಬುಗಳು, ಜೊತೆಗೆ ಕರಗಿದ ಜಪಮಾಲೆ. ಮುಂದೆ ರಕ್ತದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದ ಅವರು ಪುಟ್ಟ ಗುಡಿಸಲಿನಲ್ಲಿ ಮಲಗಿಕೊಂಡೇ ಪುಸ್ತಕಗಳನ್ನು ಬರೆದರು. ಸಾಯುವವರೆಗೂ, ಅಂದರೆ 1951ರ ಮೇ 1ರವರೆಗೂ, ಶಾಂತಿಯ ಮಾತನ್ನೇ ಆಡಿದರು. ಆ ಗುಡಿಸಲಿಗೆ ಅವರಿಟ್ಟ ಹೆಸರಿನ ಅರ್ಥ 'ನಿನ್ನಂತೆಯೇ' ಎಂದು. ನೆರೆಯವರನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಪ್ರಭುವಿನ ಆಜ್ಞೆಯ ನೆನಪಿಗೆ.

ದೇವಾಲಯದ ಎರಡು ಗಂಟೆಗಳಲ್ಲಿ ಒಂದು ಒಡೆದುಹೋಗಿತ್ತು, ಇನ್ನೊಂದು ಅವಶೇಷದಡಿ ಗಟ್ಟಿಯಾಗಿ ಉಳಿದಿತ್ತು. ಅದನ್ನು ಅಗೆದು ತೆಗೆದು, ಅದೇ ವರ್ಷದ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಬಾರಿಸಿದರು. ಎರಡನೆಯ ಗೋಪುರ 80 ವರ್ಷ ಬರಿದಾಗಿತ್ತು. ಅಣುಬಾಂಬು ಹಾಕಿದ ಅಮೆರಿಕ ದೇಶದ ಕಥೋಲಿಕರ ಕಾಣಿಕೆಯಿಂದಲೇ ಹೊಸ ಗಂಟೆ ಸಿದ್ಧವಾಯಿತು. 2025ರ ಆಗಸ್ಟ್ 9ರಂದು, ಬಾಂಬು ಸಿಡಿದ ಅದೇ ನಿಮಿಷಕ್ಕೆ, ಎರಡೂ ಗಂಟೆಗಳು ಒಟ್ಟಿಗೆ ಮೊಳಗಿದವು.

ಪ್ರಿಯ ಸಹೋದರ ಸಹೋದರಿಯರೇ, ನಮಗೆ ಗುರುಗಳಿದ್ದಾರೆ, ದೇವಾಲಯವಿದೆ, ಗೋಡೆಯ ಮೇಲೆ ಧರ್ಮಕ್ಷೇತ್ರದ ಕ್ಯಾಲೆಂಡರ್ ಕೂಡ ಇದೆ. ಇಷ್ಟೆಲ್ಲ ಇರುವುದರಿಂದಲೇ ನೆನಪಿನ ಹೊಣೆಯನ್ನು ಬೇರೆಯವರಿಗೆ ವಹಿಸಿ ನಾವು ನಿಶ್ಚಿಂತರಾಗಿಬಿಡುವ ಅಪಾಯವೂ ಇದೆ. ನಮ್ಮ ಮಕ್ಕಳು ಓದಿಗೆ, ಉದ್ಯೋಗಕ್ಕೆ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೋಗುತ್ತಾರೆ. ಪೆಟ್ಟಿಗೆಯಲ್ಲಿ ಬಟ್ಟೆ, ಉಪ್ಪಿನಕಾಯಿ ತುಂಬಿ ಕಳಿಸುತ್ತೇವೆ. ಅಜ್ಜಿ ಕಲಿಸಿದ ಪ್ರಾರ್ಥನೆ ಅವರ ಜೊತೆ ಹೋಗಿದೆಯೇ?

ಪ್ರತಿ ಮನೆಗೂ ಒಬ್ಬ ಚೋಕಾತಾ ಬೇಕು. ಮನೆಯ ಒಬ್ಬ ಮಗನಿಗೋ ಮಗಳಿಗೋ ಒಂದು ನೋಟುಪುಸ್ತಕ ಕೊಟ್ಟು ಈ ಕೆಲಸ ವಹಿಸಿ. ಹಿರಿಯರ ಹೆಸರು, ದೀಕ್ಷಾಸ್ನಾನದ ದಿನ, ತೀರಿಕೊಂಡ ದಿನಗಳನ್ನು ಅದರಲ್ಲಿ ಬರೆಯಲಿ. ತಿಳಿಯದ್ದನ್ನು ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಹುಡುಕಲಿ. ಆ ದಿನ ಬಂದಾಗ, ಸಂಜೆಯ ಪ್ರಾರ್ಥನೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಲಿ. ಹಳೆಯ ಜಗಳ, ಪಾಲಿನ ವ್ಯಾಜ್ಯ, ಮುರಿದ ಮಾತು ನೆನಪಾದರೆ ಅದನ್ನೂ ಪ್ರಾರ್ಥನೆಗೆ ತರಲಿ. ಕ್ಷಮೆ ಬೇಡಬೇಕಾದಲ್ಲಿ ಬೇಡಲಿ, ಕೊಡಬೇಕಾದಲ್ಲಿ ಕೊಡಲಿ.

ಉರಾಕಾಮಿಯ ಆ ರೈತರಲ್ಲಿ ಬಹುತೇಕರ ಹೆಸರು ಇಂದು ನಮಗೆ ಗೊತ್ತಿಲ್ಲ. ಪಂಚಾಂಗವನ್ನು ಲೆಕ್ಕ ಹಾಕಿ, ನೆರೆಮನೆಗೆ ಮುಟ್ಟಿಸಿ, ಮಗನಿಗೆ ಕಲಿಸಿ ಅವರು ಕಣ್ಣು ಮುಚ್ಚಿದರು. ತಾವು ಕಾದಿದ್ದ ಗುರುಗಳನ್ನು ಅವರು ನೋಡಲಿಲ್ಲ. ಆದರೆ ಗುರುಗಳು ಬಂದ ದಿನ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಬಾಗಿಲಲ್ಲಿ ನಿಂತಿದ್ದರು. ನಾವು ಕಾಣದ ಆ ಮೊಮ್ಮಕ್ಕಳಿಗಾಗಿ ನಮ್ಮ ಪಾಲಿನ ಕೆಲಸವನ್ನು ಮಾಡುವ ಕೃಪೆಯನ್ನು ಪ್ರಭು ನಮಗೂ ಅನುಗ್ರಹಿಸಲಿ.