ಹರಾಜಾದ ಖಡ್ಗ, ಮಠದಲ್ಲುಳಿದ ಕಾಗದ

ಈ ಸ್ಮರಣ ಸಂಚಿಕೆಗೆ ಸಾಮಗ್ರಿ ಹುಡುಕುತ್ತ ಕಾರ್ಯಾಲಯದ ಕಬ್ಬಿಣದ ಕಪಾಟನ್ನು ತೆರೆದಾಗ, ಜನರಲ್ ರಜಿಸ್ಟರುಗಳ ಹಿಂದೆ ಹಳೆಯದೊಂದು ಶೇರಾ ಪುಸ್ತಕ ದೊರೆಯಿತು. ಸಾಂಗ್ಲಿ ಸಂಸ್ಥಾನದ ಕಾಲದ ತಪಾಸಣಾಧಿಕಾರಿಗಳು ಮೋಡಿ ಲಿಪಿಯಲ್ಲಿ ಬರೆದ ಶೇರಾಗಳು ಅದರಲ್ಲಿವೆ. ನಡುನಡುವೆ ಕನ್ನಡದ ಹಿರಿಯರು ಬಂದು ಹೋದ ಗುರುತುಗಳಿವೆ. ಮಕ್ಕಳ ಪಾಠಾಂತರ ತೃಪ್ತಿಕರ, ಕೊಠಡಿಗೆ ಗಾಳಿ ಸಾಲದು ಎಂಬಂಥ ಮಾತುಗಳೇ ಹೆಚ್ಚು. ಗಾಳಿಯ ದೂರು ಇಂದಿಗೂ ಸುಳ್ಳಲ್ಲ. ಪುಸ್ತಕದ ಮಧ್ಯದಲ್ಲಿ ಒಂದು ಹಾಳೆ ಇಲ್ಲ. ಹರಿದದ್ದಲ್ಲ, ಬ್ಲೇಡಿನಿಂದ ನೇರವಾಗಿ ಕತ್ತರಿಸಿದ್ದು. ಹೊಲಿಗೆಯ ಬಳಿ ಬೆರಳಗಲದ ಪಟ್ಟಿಯೊಂದು ಉಳಿದಿದೆ.

ಆ ಹಾಳೆಯ ಮೇಲೆ ಯಾರು ನಾಲ್ಕು ಸಾಲು ಬರೆದು ಸಹಿ ಮಾಡಿದ್ದರೆಂಬುದನ್ನು ನಮ್ಮ ನಿವೃತ್ತ ಗುರುಗಳು ಹೇಳಬಲ್ಲರು. ನಾನು ಇಲ್ಲಿ ಹೆಸರಿಸುವುದಿಲ್ಲ. ಹೆಸರು ಅಚ್ಚಾದರೆ ಕದ್ದ ಹಾಳೆಯ ಬೆಲೆ ಏರುತ್ತದೆ, ಕದ್ದವರಿಗೆ ನಾವೇ ಪ್ರಮಾಣಪತ್ರ ಕೊಟ್ಟಂತಾಗುತ್ತದೆ.

ಹೆಸರಾಂತರ ಹಸ್ತಾಕ್ಷರಕ್ಕೂ ಅವರು ಬಳಸಿದ ವಸ್ತುಗಳಿಗೂ ಬೆಲೆ ಕಟ್ಟುವ ಈ ವ್ಯವಹಾರದ ಕುರಿತು ಇತಿಹಾಸದ ವಿದ್ಯಾರ್ಥಿನಿಯಾಗಿ ಯೋಚಿಸಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ಸೈನಿಕರು ಕೈಗೆ ಸಿಕ್ಕಿದ್ದನ್ನು ದೋಚಿದರು. ಉಳಿದುದನ್ನು ಕಂಪನಿಯ ಸೈನ್ಯವು ಕ್ರಮಬದ್ಧವಾಗಿ ಹಂಚಿಕೊಂಡಿತು. ಲೂಟಿಯ ಲೆಕ್ಕ ಇಡುವುದಕ್ಕಾಗಿಯೇ ನೇಮಕಗೊಂಡ ಅಧಿಕಾರಿಗಳಿದ್ದರು. ಚಿನ್ನದ ಸಿಂಹಾಸನವನ್ನು ಅವರು ತುಂಡು ತುಂಡು ಮಾಡಿಸಿದರು. ಗ್ರಂಥಭಂಡಾರವು ಕಲ್ಕತ್ತೆಗೂ ಇಂಗ್ಲೆಂಡಿಗೂ ಹಂಚಿಹೋಯಿತು. ಬಿಳಿಯ ಸೈನಿಕನ ಮೇಲೆರಗಿದ ಮರದ ಹುಲಿ ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಖಾಸಗಿ ಮನೆಗಳನ್ನು ಸೇರಿದ ವಸ್ತುಗಳು ಇನ್ನೂರು ವರ್ಷಗಳ ಮೇಲೂ ಒಂದೊಂದಾಗಿ ಹರಾಜಿನ ಕಟ್ಟೆ ಏರುತ್ತಿವೆ.

2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನದೆನ್ನಲಾದ ಖಡ್ಗವೊಂದನ್ನು ಉದ್ಯಮಿ ವಿಜಯ ಮಲ್ಯ ಕೊಂಡರು. ಮರುವರ್ಷ ಆ ಸಂಗತಿ ಪ್ರಕಟವಾದಾಗ ಕರ್ನಾಟಕದಲ್ಲಿ ಸಂಭ್ರಮವಾಯಿತು. ಖಡ್ಗ ಊರಿಗೆ ಮರಳಿತೆಂದು ನಾವೂ ತರಗತಿಯಲ್ಲಿ ಹೇಳಿದೆವು. 2018ರಲ್ಲಿ ಅವರ ವಕೀಲರು ಲಂಡನ್ನಿನ ನ್ಯಾಯಾಲಯಕ್ಕೆ, ಖಡ್ಗ ಈಗ ಅವರ ಬಳಿ ಇಲ್ಲ, ಬೇರೆಯವರಿಗೆ ಕೊಟ್ಟಾಗಿದೆ ಎಂದು ತಿಳಿಸಿದರು. 2014ರಲ್ಲಿ ದೇವನಾಗರಿಯಲ್ಲಿ ರಾಮನಾಮ ಕೆತ್ತಿದ ನಲವತ್ತೊಂದು ಗ್ರಾಂ ತೂಕದ ಚಿನ್ನದ ಉಂಗುರವೊಂದು ಟಿಪ್ಪುವಿನದೆಂದು ಕ್ರಿಸ್ಟೀಸ್ ಸಂಸ್ಥೆಯಲ್ಲಿ 1,45,000 ಪೌಂಡುಗಳಿಗೆ ಮಾರಾಟವಾಯಿತು. 2023ರ ಮೇ ತಿಂಗಳಲ್ಲಿ ಬಾನಮ್ಸ್ ಸಂಸ್ಥೆಯು ಅವನ ಶಯನಗೃಹದ ಖಡ್ಗವನ್ನು ಹರಾಜಿಗಿಟ್ಟಿತು. ಅದು ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆಸಿದ ಡೇವಿಡ್ ಬೇರ್ಡ್‌ನಿಗೆ ಸೈನ್ಯವು ಕಾಣಿಕೆಯಾಗಿ ಕೊಟ್ಟಿದ್ದ ಖಡ್ಗ. ಬಂದ ಬೆಲೆ ಒಂದು ಕೋಟಿ ನಲವತ್ತು ಲಕ್ಷ ಪೌಂಡುಗಳಿಗೂ ಮಿಗಿಲು. ಕಬ್ಬಿಣಕ್ಕೆ ಆ ಬೆಲೆಯಲ್ಲ; ಯಾರ ಹಾಸಿಗೆಯ ಬಳಿ ಇತ್ತು, ಯಾರ ಕೈಗೆ ಹೋಯಿತು ಎಂಬ ಕಥೆಗೆ ಆ ಬೆಲೆ.

ಸಾಂಗ್ಲಿ-ಮಿರಜದಲ್ಲಿ ಕುಳಿತು ಟಿಪ್ಪುವಿನ ಲೂಟಿಯ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಪ್ರಾಮಾಣಿಕವಾಗದು. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಜೊತೆಗೂಡಿ ಧಾರವಾಡಕ್ಕೆ ಮುತ್ತಿಗೆ ಹಾಕಿದವರು ತಾಸಗಾವದ ಪರಶುರಾಮಭಾವು ಪಟವರ್ಧನರು. ನಾವು ಪ್ರತಿವರ್ಷ ಮಕ್ಕಳನ್ನು ಸಹಲಿಗೆ ಕರೆದೊಯ್ಯುವ ತಾಸಗಾವದ ಗಣಪತಿ ಗುಡಿಯನ್ನು ಕಟ್ಟಿಸಿದವರೂ ಅವರೇ. ದಕ್ಷಿಣದ ಮಾದರಿಯ ಅದರ ಏಳಂತಸ್ತಿನ ಗೋಪುರವನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಅವರ ಸೈನ್ಯದ ಒಂದು ದಂಡು 1791ರಲ್ಲಿ ಶೃಂಗೇರಿ ಮಠವನ್ನು ಕೊಳ್ಳೆ ಹೊಡೆಯಿತು. ಜನ ಸತ್ತರು, ಶಾರದೆಯ ಮೂರ್ತಿ ಸ್ಥಾನದಿಂದ ಕದಲಿತು, ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಆಗ ಟಿಪ್ಪು ಸುಲ್ತಾನನು ಸಚ್ಚಿದಾನಂದ ಭಾರತಿ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರಗಳನ್ನು ಬರೆಸಿದನು. ಮೂರ್ತಿಯ ಪುನಃಪ್ರತಿಷ್ಠಾಪನೆಗೆ ಹಣವನ್ನೂ ಧಾನ್ಯವನ್ನೂ ಕೊಡುವಂತೆ ನಗರದ ಅಧಿಕಾರಿಗೆ ಆಜ್ಞೆ ಮಾಡಿದನು.

ಆ ಪತ್ರಗಳು ಮಠದಲ್ಲೇ ಉಳಿದುವು. ನೂರಿಪ್ಪತ್ತೈದು ವರ್ಷ ಯಾರೂ ಅವಕ್ಕೆ ಬೆಲೆ ಕಟ್ಟಲಿಲ್ಲ, ಯಾರೂ ಕೊಳ್ಳಲಿಲ್ಲ. 1916ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವುಗಳನ್ನು ಕಂಡು ಬೆಳಕಿಗೆ ತಂದರು. ಇಪ್ಪತ್ತಕ್ಕೂ ಹೆಚ್ಚಿದ್ದ ಆ ಪತ್ರಗಳಲ್ಲಿ ಒಂದೊಂದೂ ಬೇರೊಬ್ಬ ಸಂಗ್ರಾಹಕನ ಮನೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗುತ್ತಿದ್ದರೆ ಏನಾಗುತ್ತಿತ್ತೆಂದು ಊಹಿಸಿ. ಒಂದು ಪತ್ರ ಒಂದು ಕುತೂಹಲ ಮಾತ್ರ. ಒಂದೇ ಕಟ್ಟಿನಲ್ಲಿ, ಬರೆದ ಅನುಕ್ರಮದಲ್ಲಿ, ತಲುಪಿದ ಸ್ಥಳದಲ್ಲಿಯೇ ದೊರೆತದ್ದರಿಂದ ಅವು ಸಾಕ್ಷ್ಯವಾದುವು. ಖಡ್ಗದ ಮೇಲೆ ವಾದಿಸಬಹುದು. ಈ ಕಟ್ಟನ್ನು ಓದಬೇಕಾಗುತ್ತದೆ.

ಇಂಥದೇ ಕೆಲಸವನ್ನು ನಮ್ಮ ನೆರೆಯಲ್ಲಿ ಮಾಡಿದವರು ವಾಸುದೇವಶಾಸ್ತ್ರಿ ಖರೆ. ಮಿರಜ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಶಿಕ್ಷಕರು. ಶಾಲೆಯ ಕೆಲಸದ ನಡುವೆಯೇ ಪಟವರ್ಧನರ ದಫ್ತರದ ಮೋಡಿ ಕಾಗದಗಳನ್ನು ಓದಿ, ತೇದಿ ಹೊಂದಿಸಿ, ‘ಐತಿಹಾಸಿಕ ಲೇಖ ಸಂಗ್ರಹ’ ಎಂಬ ಮಾಲೆಯಲ್ಲಿ ಸಂಪುಟದ ಮೇಲೆ ಸಂಪುಟವಾಗಿ ಅಚ್ಚು ಹಾಕಿಸಿದರು. 1924ರಲ್ಲಿ ತೀರಿಕೊಳ್ಳುವ ತನಕ ಅವರು ಈ ವ್ರತವನ್ನು ಬಿಡಲಿಲ್ಲ. ಅವರಿಗೆ ಒಂದೊಂದು ಹಸ್ತಾಕ್ಷರವನ್ನು ಕಿತ್ತು ಮಾರುವ ಯೋಚನೆ ಬಂದಿದ್ದರೆ ಪೇಶವಾಯಿಯ ಉತ್ತರಾರ್ಧದ ಚರಿತ್ರೆಯ ಅರ್ಧಭಾಗ ಕತ್ತಲಲ್ಲಿರುತ್ತಿತ್ತು. ಶಿಕ್ಷಕರ ಸಭೆಗಳಲ್ಲಿ ಸಮಯವಿಲ್ಲವೆಂಬ ಮಾತು ಬಂದಾಗ ನಾನು ಅವರ ಹೆಸರು ಹೇಳುತ್ತೇನೆ. ಆಗ ಎಲ್ಲರೂ ಚಹದ ಬಟ್ಟಲನ್ನು ನೋಡುತ್ತಾರೆ.

ಹರಾಜೆಂಬುದನ್ನು ಸಾರಾಸಗಟಾಗಿ ದೂಷಿಸಲು ನಾನು ಸಿದ್ಧಳಿಲ್ಲ. ಗಾಂಧೀಜಿಯವರೇ ದೊಡ್ಡ ಹರಾಜುಗಾರರಾಗಿದ್ದರು. ತಮ್ಮ ಹಸ್ತಾಕ್ಷರಕ್ಕೆ ಅವರು ಹರಿಜನ ನಿಧಿಗಾಗಿ ಐದು ರೂಪಾಯಿ ಪಡೆಯುತ್ತಿದ್ದರು. 1934ರ ಆರಂಭದಲ್ಲಿ ಹರಿಜನ ಯಾತ್ರೆಯಲ್ಲಿ ಕರ್ನಾಟಕಕ್ಕೆ ಬಂದಾಗ, ಸಭೆಗಳಲ್ಲಿ ಅರ್ಪಿಸಿದ ಕಾಣಿಕೆಗಳನ್ನು ಆ ಸಭೆಯಲ್ಲಿಯೇ ಹರಾಜು ಹಾಕುತ್ತಿದ್ದರು. ಕೊಡಗಿನ ಗೌರಮ್ಮನವರು ಉಪವಾಸ ಕುಳಿತು ಅವರನ್ನು ಮನೆಗೆ ಕರೆಸಿಕೊಂಡು ಮೈಮೇಲಿನ ಆಭರಣಗಳನ್ನು ಬಿಚ್ಚಿಕೊಟ್ಟದ್ದು ಆ ಯಾತ್ರೆಯಲ್ಲಿಯೇ. ಹಣ ಎಲ್ಲಿಗೆ ಹೋಗುತ್ತದೆಂಬುದು ಅಲ್ಲಿ ಎಲ್ಲರಿಗೂ ತಿಳಿದಿತ್ತು. ಅದೇ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಗಡಿಯಾರ, ತಟ್ಟೆ, ಬಟ್ಟಲುಗಳು 2009ರ ಮಾರ್ಚ್ 5ರಂದು ನ್ಯೂಯಾರ್ಕಿನಲ್ಲಿ 18 ಲಕ್ಷ ಡಾಲರುಗಳಿಗೆ ಹೋದುವು. ಅವನ್ನು ಕೊಂಡವರೂ ಮಲ್ಯರೇ. ಮಾರಾಟಕ್ಕಿಟ್ಟವರು ಕೊನೆಯ ಗಳಿಗೆಯಲ್ಲಿ ಹಿಂದೆಗೆದರೂ ಹರಾಜು ನಿಲ್ಲಲಿಲ್ಲ. ಮುಂದೆ 2012ರಲ್ಲಿ ಗಾಂಧೀಜಿ ಮತ್ತು ಕ್ಯಾಲನ್‌ಬಾಖ್ ಅವರ ಪತ್ರಸಂಗ್ರಹವು ಹರಾಜಿಗೆ ಬಂದಾಗ, ಸರಕಾರವು ಹರಾಜಿನ ದಿನಕ್ಕೆ ಮುಂಚೆಯೇ ಇಡಿಯ ಸಂಗ್ರಹವನ್ನು ಕೊಂಡು ರಾಷ್ಟ್ರೀಯ ದಫ್ತರಖಾನೆಗೆ ತಂದಿತು. 2025ರಲ್ಲಿ ನಮ್ಮ ಮಹಾರಾಷ್ಟ್ರ ಸರಕಾರವು ನಾಗಪುರದ ರಘೂಜಿ ಭೋಸಲೆಯವರ ಖಡ್ಗವನ್ನು ಲಂಡನ್ನಿನ ಹರಾಜಿನಿಂದ 47.15 ಲಕ್ಷ ರೂಪಾಯಿಗೆ ತರಿಸಿಕೊಂಡಿತು. ಕಾಗದ ಕೊಂಡ ಮೊದಲ ವ್ಯವಹಾರವನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಮೆರವಣಿಗೆ ಮಾತ್ರ ಖಡ್ಗಕ್ಕೇ ಸಲ್ಲುತ್ತದೆ.

ನಮ್ಮ ದೇಶದಲ್ಲಿ 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ತ್ವದ ಹಸ್ತಪ್ರತಿಗೆ, ದಾಖಲೆಗೆ ಎಪ್ಪತ್ತೈದು ವರ್ಷವಾದರೆ ಸಾಕು. ಆದರೆ ಶೇರಾ ಪುಸ್ತಕದ ಒಂದು ಹಾಳೆ ನೋಟಿನಂತೆ ಮಡಿಚಿದರೆ ಜೇಬಿನಲ್ಲಿ ಹಿಡಿಸುತ್ತದೆ. ಅದನ್ನು ತಡೆಯುವ ಕಾಯಿದೆ ಕಪಾಟಿನ ಕೀಲಿಯೊಂದೇ. ಆ ಕೀಲಿ ಎಷ್ಟೋ ವರ್ಷ ಕಪಾಟಿನ ಬಾಗಿಲಲ್ಲೇ ತೂಗುತ್ತಿತ್ತು. ಅದರಲ್ಲಿ ಕೆಲವು ವರ್ಷ ನನ್ನವೂ ಸೇರಿವೆ.

ನಮ್ಮ ಶಾಲೆಯಿಂದ ದೂರವಿಲ್ಲದ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಹಲವು ದಶಕ ಕನ್ನಡ ಕಲಿಸಿದರು, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದರು. ಅಂಥವರು ನಡೆದಾಡಿದ ವಿಶ್ರಾಮಬಾಗದಲ್ಲಿ ಕನ್ನಡದ ಹಳೆಯ ಕಾಗದಗಳು ಇನ್ನೂ ಅನೇಕ ಮನೆಗಳ ಅಟ್ಟದ ಮೇಲಿರಬೇಕು. ಮದುವೆಯ ಕರೆಯೋಲೆ, ಗುರುಗಳ ಕಾರ್ಡು, ಹಳೆಯ ಗುಣಪತ್ರಿಕೆ ಏನಿದ್ದರೂ ತಂದು ತೋರಿಸಿದರೆ ನಾವು ಪ್ರತಿ ತೆಗೆದುಕೊಂಡು ಮೂಲವನ್ನು ಅಂದೇ ಮರಳಿಸುತ್ತೇವೆ.

ಶೇರಾ ಪುಸ್ತಕದ ಎಲ್ಲ ಪುಟಗಳ ಛಾಯಾಪ್ರತಿ ಈಗ ಸಿದ್ಧವಾಗಿದೆ. ಕೀಲಿ ನನ್ನ ಬಳಿ ಒಂದು, ಹಿರಿಯ ಲಿಪಿಕರ ಬಳಿ ಒಂದು. ಕತ್ತರಿಸಿದ ಹಾಳೆಯ ಪಟ್ಟಿಯನ್ನು ಇದ್ದಲ್ಲಿಯೇ ಬಿಟ್ಟು ಮೇಲೊಂದು ತೆಳುಕಾಗದ ಹೊದಿಸಿದ್ದೇವೆ. ಅದರ ಮೇಲೆ ಸಾಲುಗಳ ಮೊದಲಕ್ಷರಗಳು ಮಾತ್ರ ಉಳಿದಿವೆ: ಒಂದು ‘ಮ’, ಒಂದು ‘ಈ’, ಅರ್ಧ ಕಡಿದ ಒಂದು ‘ಕ’. ಆ ಹಾಳೆ ಎಂದಾದರೂ ಎಲ್ಲಿಯಾದರೂ ಕಾಣಿಸಿಕೊಂಡರೆ ಅಂಚಿಗೆ ಅಂಚು ಹೊಂದಿಸಿ ನೋಡಲು ಅಷ್ಟು ಸಾಕು. ಶತಮಾನೋತ್ಸವದ ಮೂರೂ ದಿನ ಕಾರ್ಯಾಲಯದ ಹೊರಗೆ ಸೂಚನಾಪೆಟ್ಟಿಗೆ ಇರುತ್ತದೆ. ಅದರಲ್ಲಿ ಹಾಕಿದ ಲಕೋಟೆಯನ್ನು ಯಾರು ಹಾಕಿದರೆಂದು ನಾವು ಕೇಳುವುದಿಲ್ಲ.