ರಾಜಿ

ಇಬ್ಬರೂ ಒಪ್ಪಿ ಜಗಳ ಬಿಡುವುದು ರಾಜಿ. ಮೂಲ ಅರಬ್ಬಿಯ ‘ರಾದೀ’, ಅಂದರೆ ಒಪ್ಪಿದವನು, ತೃಪ್ತನಾದವನು. ಪಾರಸಿಯಲ್ಲಿ ‘ರಾಝೀ’ ಆಗಿ, ಆಡಳಿತದ ಮಾತಾಗಿ ಕನ್ನಡಕ್ಕೆ ಬಂತು. ಸಂಸ್ಕೃತದ ‘ರಾಜ’ನಿಗೂ ಇದಕ್ಕೂ ನಂಟಿಲ್ಲ. ಒಪ್ಪಿಗೆಯ ಪತ್ರವೇ ರಾಜೀನಾಮೆ. ಮುಂಬಯಿ ಕರ್ನಾಟಕದ ಕಂದಾಯ ವ್ಯವಹಾರದಲ್ಲಿ ಜಮೀನಿನ ಹಕ್ಕು ಬಿಟ್ಟ ರೈತ ಬರೆದುಕೊಡುತ್ತಿದ್ದುದೂ ಅದೇ; ಈಗ ಅದು ಹುದ್ದೆ ಬಿಡುವ ಪತ್ರ.

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಂಥ ಊರಲ್ಲಿ ಹೊಲದ ಬದುವಿನ ತಕರಾರು ಎದ್ದರೆ ಹಿರಿಯರ ಮೊದಲ ಮಾತು ‘ರಾಜಿ ಮಾಡ್ಕೊಳ್ರಪ್ಪಾ’. ಲೋಕ ಅದಾಲತ್‌ನಲ್ಲಿ ಆದ ರಾಜಿ, 1987ರ ಕಾಯ್ದೆಯಂತೆ, ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. ಆದರೆ ಕೊಲೆ ರಾಜಿಯಾಗಬಲ್ಲ ಅಪರಾಧವಲ್ಲ.

ಕೊಲೆಗೆ ರಾಜಿಯಿಲ್ಲ ಎಂಬ ಆ ಗೆರೆಯನ್ನು ಲೆಬನಾನ್ ದಾಟಿತು. 1975ರಲ್ಲಿ ಶುರುವಾದ ಅಂತರ್ಯುದ್ಧ ನಿಲ್ಲಿಸಲು 1989ರಲ್ಲಿ ತಾಯಿಫ್ ಒಪ್ಪಂದವಾಯಿತು. ಸಂಸತ್ತಿನಲ್ಲಿ ಕ್ರೈಸ್ತರಿಗೂ ಮುಸ್ಲಿಮರಿಗೂ ಸಮಪಾಲು ಸಿಕ್ಕಿತು. 1991ರ ಕ್ಷಮಾದಾನ ಕಾನೂನು ಯುದ್ಧಕಾಲದ ಬಹುಪಾಲು ಅಪರಾಧಗಳನ್ನು ಮನ್ನಿಸಿತು. ಕಾಣೆಯಾದ ಸಾವಿರಾರು ಜನರ ಮನೆಯವರು ಇದಕ್ಕೆ ಒಪ್ಪಿರಲಿಲ್ಲ. ಪದದ ಮೂಲಾರ್ಥ ಹಿಡಿದರೆ ಅದನ್ನು ರಾಜಿ ಎನ್ನಲು ಬರುವುದಿಲ್ಲ.