ಸೈರನ್ ಯಾರಿಗಾಗಿ ಕೂಗಬೇಕು?

ಭೋಪಾಲದ ಚರಿತ್ರೆಯನ್ನ ಎಲ್ಲರೂ ಟ್ಯಾಂಕಿನಿಂದ ಶುರು ಮಾಡ್ತಾರೆ. ನಾವು ಕಾಂಪೌಂಡಿನಿಂದ ಶುರು ಮಾಡೋಣ. ಒಳಗೆ ಯೂನಿಯನ್ ಕಾರ್ಬೈಡ್. ರಸ್ತೆಯಾಚೆ ಜಯಪ್ರಕಾಶ ನಗರದ ಗುಡಿಸಲುಗಳು, ಕೂಲಿನಾಲಿ ಜನ.

1984ರ ಡಿಸೆಂಬರ್ 2ರ ರಾತ್ರಿ 610ನೇ ಟ್ಯಾಂಕಿಗೆ ನೀರು ಸೇರಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರನುಗ್ಗಿತು. ವಿಷವನ್ನು ತಣ್ಣಗಿಡುವ ಯಂತ್ರವನ್ನು ಜೂನ್‌ನಲ್ಲೇ ನಿಲ್ಲಿಸಿದ್ದರು. ಅನಿಲ ಸುಡುವ ಗೋಪುರ ಕೆಲಸ ಮಾಡ್ತಿರಲಿಲ್ಲ. ಊರಿಗೆ ಕೇಳುವ ಸೈರನ್ ಕೂಗಿದ ಸ್ವಲ್ಪ ಹೊತ್ತಿಗೇ ಅದರ ಬಾಯಿ ಮುಚ್ಚಿಸಿದರು. ಮತ್ತೆ ಕೂಗಿದಾಗ ಬಸ್ತಿ ಆಗಲೇ ಉರುಳಿತ್ತು.

ಒಳಗಿದ್ದವರಿಗೆ ಗಾಳಿಯ ದಿಕ್ಕು ಗೊತ್ತಿತ್ತು. ಅದಕ್ಕೆ ಎದುರಾಗಿ ಓಡಿದರು. ಬಸ್ತಿಯವರು ಗಾಳಿಯ ಜೊತೆಗೇ ಓಡಿದರು. ಸಾವೂ ಜೊತೆಗೇ ಓಡಿತು. ಒದ್ದೆ ಬಟ್ಟೆ ಮುಖಕ್ಕೆ ಹಿಡಿದಿದ್ದರೆ ಎಷ್ಟೋ ಜೀವ ಉಳೀತಿತ್ತು. ಒಂದು ತುಂಡು ಬಟ್ಟೆ, ಒಂದು ಚೊಂಬು ನೀರು! ಇಷ್ಟನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ಹೆಣಗಳ ಮೇಲೆ ಕಾನೂನು ಬಂತು. ಅಪಾಯವೇನು, ತುರ್ತಿನಲ್ಲಿ ಏನು ಮಾಡಬೇಕು ಅನ್ನೋದನ್ನ ಸುತ್ತಲ ಜನಕ್ಕೂ ತಿಳಿಸಲೇಬೇಕೆಂದು 1987ರಲ್ಲಿ ಕಾರ್ಖಾನೆ ಕಾಯ್ದೆಯನ್ನು ತಿದ್ದಿದರು. 1989ರ ನಿಯಮಗಳು ಕಾಂಪೌಂಡಿನೊಳಗಿನ ಯೋಜನೆಯನ್ನು ಮಾಲೀಕನಿಗೂ ಹೊರಗಿನದನ್ನು ಅಧಿಕಾರಿಗಳಿಗೂ ವಹಿಸಿದವು.

ಆದರೂ 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಿಂದ ಸ್ಟೈರೀನ್ ಸೋರಿ, ಮಲಗಿದ್ದ ಊರಿನ ಮೇಲೆ ಹರಿಯಿತು. ಸತ್ತವರು 12 ಜನ. ಸೈರನ್ ಇತ್ತು, ಕೂಗಲಿಲ್ಲ.

ಕಪಾಟಿನಲ್ಲಿ ಬೀಗ ಹಾಕಿಟ್ಟ ಯೋಜನೆ ಯಾರ ಉಸಿರನ್ನೂ ಕಾಯೋದಿಲ್ಲ. ನಮ್ಮ ಕೇರಿ ಪಕ್ಕದ ಕಾರ್ಖಾನೆಯ ಗೇಟಿಗೆ ಹೋಗಿ ಕೇಳೋಣ: ಒಳಗೇನಿದೆ? ಸೈರನ್ನಿನ ಗುಂಡಿ ಯಾರ ಕೈಲಿದೆ? ಗಾಳಿ ನಮ್ಮ ಕಡೆ ಬೀಸಿದರೆ ಎತ್ತ ಓಡಬೇಕು?